ಮೋಟಾರಿನ ತೂಕದ ಚೀಲ

ಸೂಳೆಕೆರೆ ದಂಡೆಯಲ್ಲಿ ಎರಡು ದೋಣಿ ಬೋರಲು ಬಿದ್ದಿದ್ದವು,
ಒಂದು ಹಸಿರು, ಒಂದಕ್ಕೆ ಬಣ್ಣವೇ ಇಲ್ಲ.
ಸಂತೆಯಲ್ಲಿ ಎಮ್ಮೆ ನೋಡುವ ಹಾಗೆ ಚೌಡಕ್ಕ ಸುತ್ತ ಬಂದಳು,
ಬೆನ್ನು ತಟ್ಟಿದಳು, ಕಿವಿಯಿಟ್ಟಳು.
ಕಾಯಿ ಕಲ್ಲಂಗಡಿಯ ಸದ್ದು.

ಹಸಿರಿನದು ಉದ್ದ, ಎರಡೂ ತುದಿ ಚೂಪು, ನೀರಹಾವಿನ ಜಾತಿ;
ಪಕ್ಕೆಗೆ ಕಬ್ಬಿಣದ ತೋಳು ಕಟ್ಟಿ
ಮೋಟಾರು ತೂಗುಹಾಕಬೇಕು.
ಇನ್ನೊಂದು ಮೋಟು, ಹಿಂದೆ ಕೊಯ್ದಂತೆ ಚಪ್ಪಟೆ.
"ಅಳಿಯಂಗೆ ಮಣೆ ಹಾಕಿದಂಗೈತೆ ನೋಡಕ್ಕ" ಅಂದ
ಮಾರಲು ತಂದ ಬುಡೇನ್ ಸಾಬ್.

ಅಳಿಯ ಇನ್ನೂ ಬಂದಿರಲಿಲ್ಲ.
ದಾವಣಗೆರೆಯ ಅಂಗಡಿಯಲ್ಲಿ ಮುಂಗಡ ಕೊಟ್ಟ ಚೀಟಿಯಷ್ಟೇ,
ಚೀಟಿಯಲ್ಲಿ ತೂಕ: ಹದಿನೇಳು ಕೆಜಿ.
ಚೌಡಕ್ಕ ಮೀನಿನ ತಕ್ಕಡಿಯಲ್ಲಿ
ಹದಿನೇಳು ಕೆಜಿ ಮರಳು ತೂಗಿ, ಸಾಬನ ಚೀಲಕ್ಕೆ ತುಂಬಿ,
ಬಾಯಿ ಹೊಲಿದು
ಅದಕ್ಕೆ ಮೋಟ್ರು ಅಂತ ಹೆಸರಿಟ್ಟಳು.

ಮೊದಲು ಹಸಿರಿನದು.
ಪಕ್ಕೆಗೆ ಮೋಟ್ರು ಬಿಗಿದದ್ದೇ ದೋಣಿ
ಕಿವುಡ ಮುದುಕನಂತೆ ಆ ಕಡೆಗೇ ವಾಲಿತು.
ಈ ಕಡೆ ನನ್ನನ್ನು ಕೂರಿಸಿದಳು, ನೆಟ್ಟಗಾಯಿತು.
ಬಲೆ ಬೀಸಲೆಂದು ಎದ್ದು ನಿಂತಳು ನೋಡಿ,
ಮೂವರೂ ನೀರಲ್ಲಿ:
ಅವಳು, ನಾನು, ಮೋಟ್ರು.
ಆಚೆ ಗುಡ್ಡಕ್ಕೆ ಕೇಳುವಂತೆ ನಕ್ಕೆವು.
ಮೋಟ್ರು ಮಾತ್ರ ಮೇಲೇಳಲಿಲ್ಲ.

ಇನ್ನೊಂದು ಚೀಲ ತುಂಬಿದೆವು.
ಮೋಟಿನದು ನಿಧಾನ, ಹುಟ್ಟು ಹಾಕಿದರೆ
ಬೈಸಿಕೊಂಡ ಹುಡುಗನಂತೆ ಹೊರಡುತ್ತದೆ.
ಆದರೆ ನಿಂತರೆ ಅಂಗಳ.
ಮಧ್ಯಾಹ್ನ ಗುಡ್ಡಗಳ ನಡುವಿಂದ ಗಾಳಿ ನುಗ್ಗಿ
ಕೆರೆಯೆಲ್ಲ ಹಲ್ಲು ಬಿಟ್ಟಾಗಲೂ
ಚೌಡಕ್ಕ ಎದ್ದು ನಿಂತೇ ಎಲೆಯಡಿಕೆ ಹಾಕಿಕೊಂಡಳು.

ಟಾರು ಬಿರಿದ ಅವಳ ಹಳೇ ಹರಿಗೋಲು
ಜಾಲಿಗಿಡಕ್ಕೆ ಒರಗಿ ಇದನ್ನೆಲ್ಲ ನೋಡುತ್ತಿತ್ತು.
"ದುಂಡಗಿರೋದಕ್ಕೆ ಹಿಂದು ಯಾವುದಕ್ಕ, ಮುಂದು ಯಾವುದು?
ಇದಕ್ಕೆ ಮೋಟ್ರು ಎಲ್ಲಿ ಕಟ್ಟೋದು?" ಅಂದೆ.
"ಇಲ್ಲಿಗೆ ಕಟ್ಟಿದ್ರಲ್ಲ ಇಪ್ಪತ್ತು ವರ್ಷ" ಅಂದಳು,
ಎಡಗೈಯಿಂದ ಬಲಭುಜ ಒತ್ತಿಕೊಳ್ಳುತ್ತ.

ಸಾಬ್ ಕೆಣಕಿದ: "ಮೋಟ್ರು ಸದ್ದಿಗೆ ಕಾಟ್ಲಾ ತಳ ಸೇರಲ್ವಾ?"
"ಹೋಗ್ವಾಗ ಹುಟ್ಟು, ಬರ್ವಾಗ ಮೋಟ್ರು.
ನಾವು ಬರೋದು ಮೀನಿಗೆ ಗೊತ್ತಾಗ್ಬಾರ್ದು,
ಮನೇಗೆ ಗೊತ್ತಾಗ್ಬೇಕು."

ಚಪ್ಪಟೆ ಬೆನ್ನಿನದೇ ಆಯಿತು.
ಚೌಕಾಸಿ ಮುಗಿದ ಮೇಲೆ ಸಾಬ್ ನೆನಪಾಗಿ
ಮುಳುಗಿದ ಚೀಲಕ್ಕೆ ಹತ್ತು ರೂಪಾಯಿ ಸೇರಿಸಿದ.
ಕೊಟ್ಟಳು.
ಮರಳಿನ ಮಾತು ಯಾರೂ ಎತ್ತಲಿಲ್ಲ,
ಅದು ಕೆರೆಯದು.