ಅಕ್ಷರಕ್ಕಿಷ್ಟು

ವರ್ಷಕ್ಕೊಂದು ಹೆಸರು, ಕೆಲವು ಸಲ ಮೂರು ವರ್ಷಕ್ಕೊಂದು.
ದಂಡಿನ ಕಡೆಯ ಆ ಹಳೇ ಲಾಡ್ಜಿನ ಹಜಾರದಲ್ಲಿ
ತೇಗದ ಹಲಗೆ, ಎರಡಾಳೆತ್ತರ.
ಕಾಟನ್‌ಪೇಟೆಯಿಂದ ಸೈಕಲ್ಲು ತುಳಿದು ಬರುತ್ತಿದ್ದೆ,
ಅಳಿಲುಬಾಲದ ಕುಂಚ, ಒಂದು ಪುಸ್ತಕ ಚಿನ್ನದ ರೇಕು.
ಗಾಳಿ ಬೀಸಿದರೆ ಕೂಲಿಯೇ ಹಾರಿಹೋಗುವ ಕೆಲಸ.
ಮೊದಲು ಫ್ಯಾನು ಆರಿಸಿ ಅನ್ನುತ್ತಿದ್ದೆ,
ನಮಸ್ಕಾರ ಆಮೇಲೆ.

ಇಂಗ್ಲಿಷು ನನಗೆ ಓದಲು ಬರುವ ಮೊದಲೇ ಬರೆಯಲು ಬಂತು.
ಹಾಗಾಗಿ ಆ ಗ್ರಾಂಡ್ ಮಾಸ್ಟರುಗಳು ನನಗೆ ಗೊತ್ತಿದ್ದದ್ದು
ಉದ್ದಗಲದಲ್ಲಿ.
ಸೊಹ್ರಾಬ್‌ಜಿ ಮೇವಾವಾಲ, ಹದಿನಾರು ಅಕ್ಷರ.
ತಿರುವೆಂಗಡ ಮೊದಲಿಯಾರ್, ಇಪ್ಪತ್ತು, ಇನಿಷಿಯಲ್ ಬಿಟ್ಟು.
ಎಡ್ವಿನ್ ಲೋಬೋ ಬರೀ ಒಂಬತ್ತು;
ಆ ವರ್ಷ ಬಾಡಿಗೆಗೆ ಸಾಲ ಮಾಡಿದೆ.

ಮಿಕ್ಕದ್ದು ಹೇಳಿದವನು ಅಂತೋಣಪ್ಪ.
ಬಿನ್ನಿ ಮಿಲ್ಲಿನಲ್ಲಿ ನೂಲು ಎಣಿಸಿ ನಿವೃತ್ತನಾದವನು,
ಸಭೆ ನಡೆವಾಗ ಬರಿಗತ್ತಿ ಹಿಡಿದು
ಮುಚ್ಚಿದ ಬಾಗಿಲಿನಾಚೆ ಕೂರುವವನು.
ಒಳಗಿನದು ಕೇಳಬೇಡ, ಹೊರಗಿನದು ಎಷ್ಟು ಬೇಕು ಕೇಳು
ಅಂದು, ಕತ್ತಿ ತೊಡೆಯ ಮೇಲಿಟ್ಟು,
ಬೈಟೂ ಟೀ ಊದುತ್ತಿದ್ದ.

ಮೇವಾವಾಲ ಈ ಊರಿಗೆ ಬಂದದ್ದು
ಹೊಲಿಗೆ ಮಿಷನ್ನಿನ ಸೂಜಿ ಮಾರಲು.
ಯಾರದೋ ವಿಧವೆಯ ಮೂರು ಮಕ್ಕಳ ಫೀಸು
ಹದಿನಾಲ್ಕು ವರ್ಷ ಕಟ್ಟಿದ, ರಸೀದಿಯಲ್ಲಿ ಹೆಸರಿಲ್ಲ.
ಲೋಬೋ ಬಂಗಾರಪೇಟೆಯ ಗಾರ್ಡಿನ ಮಗ,
ಅಪ್ಪನ ಕೈದೀಪದ ಹಸಿರು ಬೆಳಕಲ್ಲಿ ಲೆಕ್ಕ ಕಲಿತವನು;
ದೊಡ್ಡವನಾದ ಮೇಲೂ ಎಲ್ಲೋ ರೈಲು ಕೂಗಿದರೆ
ಭಾಷಣ ನಿಲ್ಲಿಸಿ ಗಡಿಯಾರ ನೋಡುತ್ತಿದ್ದ.
ಮೊದಲಿಯಾರ್? ಮರದ ಡಿಪೋ. ಕೈ ದೊಡ್ಡದು.
ಇಲ್ಲಿ ಎಲ್ಲರಿಗೂ ಬ್ರದರ್, ಬ್ರದರ್.
ಮಗಳು ಬೇರೆ ಜಾತಿಯವನನ್ನು ಕಟ್ಟಿಕೊಂಡಳೆಂದು
ಹನ್ನೊಂದು ವರ್ಷ ಅವಳ ಮನೆಯಲ್ಲಿ ನೀರು ಮುಟ್ಟಲಿಲ್ಲ.
ಇದನ್ನು ಹೇಳುವಾಗ ಅಂತೋಣಪ್ಪ
ಕತ್ತಿಯ ಹಿಡಿಯನ್ನು ಸುಮ್ಮನೆ ಒರೆಸಿದ.

ಆ ಕೋಣೆಯನ್ನು ನಾನು ಕಂಡದ್ದು ಒಂದೇ ಸಲ, ಬಾಗಿಲ ಸಂದಿಯಿಂದ.
ಕಪ್ಪು ಬಿಳಿ ಚೌಕದ ನೆಲ, ಖಾಲಿ ಕುರ್ಚಿಗಳು.
ನಡುವೆ ಕಾಮಾಕ್ಷಮ್ಮ, ಸೆರಗು ಸಿಕ್ಕಿಸಿ, ನೆಲ ಒರೆಸುತ್ತಾ.
ಏನಿದೆ ಒಳಗೆ ಅಂತ ಕೇಳಿದೆ.
ಧೂಳು ಕಣಪ್ಪ, ಅಂದಳು.

ಡಾಕ್ಟರ್ ಗವಿರಂಗಪ್ಪನವರ ಹೆಸರು ಬರೆದ ದಿನ ಮಳೆ.
ಗೋಡೆ ಉಬ್ಬಿ ಒಂದು ಹಪ್ಪಳೆ ಉದುರಿತ್ತು.
ಅವರು ಬಂದು ನಿಂತರು, ಕಪ್ಪು ಸೂಟು,
ಕೊರಳಲ್ಲಿ ಬೆಳ್ಳಿಯ ಮೂಲೆಮಟ್ಟ.
ಹೆಬ್ಬೆರಳಿಂದ ಗೋಡೆ ಉಜ್ಜಿ, ಮೂಸಿ ನೋಡಿದರು.
ಬೆಲ್ಲ ಹಾಕಿ ಅರೆದ ಗಾರೆ, ಅಂದರು. ಈಗ ಯಾರೂ ಅರೆಯುವುದಿಲ್ಲ.
ನಿಮಗೆ ಹೇಗೆ ಗೊತ್ತು ಸಾರ್?
ನಮ್ಮಮ್ಮನ ಬೆರಳಿಗೆ ಗೆರೆಯೇ ಇರಲಿಲ್ಲ, ಸುಣ್ಣ ತಿಂದಿತ್ತು.
ರೇಷನ್ನಿಗೆ ಹೆಬ್ಬೆಟ್ಟು ಒತ್ತಿದರೆ ಬರೀ ಮಸಿ.
ಒಳಗೆ ಮೂರು ಸಲ ಬಡಿದ ಸದ್ದಾಯಿತು. ಹೋದರು.

ಅವರು ಹೋದ ಮೇಲೆ ಕಂಡಿತು ನನ್ನ ತಪ್ಪು:
ಎರಡು ಪಿ ಇರಬೇಕಾದಲ್ಲಿ ಒಂದೇ ಪಿ.
ರಾತ್ರಿ ಹೊರಬಂದಾಗ ಕೈಮುಗಿದು ತೋರಿಸಿದೆ.
ಬಹಳ ಹೊತ್ತು ನೋಡಿದರು.
ಸ್ಕೂಲಿಗೆ ಸೇರಿಸುವಾಗ ಮೇಷ್ಟರೂ ಹೀಗೇ ಬರೆದಿದ್ದರು, ಇರಲಿ ಬಿಡು.
ಬಿಟ್ಟ ಅಕ್ಷರಕ್ಕೂ ಸೇರಿಸಿ ಎಣಿಸಿ ಕೊಟ್ಟರು.

ಈಗ ಹಲಗೆ ತುಂಬಿದೆ. ಹೊಸದು ಹಿತ್ತಾಳೆ,
ಮಿಷನ್ನು ಕೊರೆಯುತ್ತದೆ, ಅದಕ್ಕೆ ಫ್ಯಾನಿನ ಭಯವಿಲ್ಲ.
ಅಂತೋಣಪ್ಪನ ಸ್ಟೂಲಿನಲ್ಲಿ ಬೇರೆ ಯಾರೋ.
ನನ್ನ ಕೈ ನಡುಗುತ್ತದೆ, ಕಣ್ಣಿಗೆ ಪೊರೆ.
ಆದರೂ ಆ ಹೆಸರಿನ ಕೊನೆಯಲ್ಲಿ
ಅಂಗುಲದಷ್ಟು ತೇಗ ಬರಿದೇ ಇದೆ.
ದುಡ್ಡು ತೆಗೆದುಕೊಂಡು ಮಾಡದೇ ಉಳಿಸಿದ ಕೆಲಸ
ನನ್ನ ಜನ್ಮದಲ್ಲಿ ಅದೊಂದೇ.