ಮೂಗಿನಷ್ಟು ದೊಡ್ಡ ಗುಂಡಿ

ಬಿಷ್ಕೆಕ್ಕಿನ ನಾಲ್ಕನೇ ಮಹಡಿಯಲ್ಲಿ, ಹೀಟರಿನ ಪಕ್ಕ,
ಚಹಾ ಆರುವುದರೊಳಗೆ
ಇಪ್ಪತ್ತೇಳು ಖಾನೆ ಎಳೆದಿದ್ದೆ.
ಕಿವಿಯ ಬಿಲ್ಲೆಯ ಸಂಖ್ಯೆ: ಹನ್ನೆರಡು ಅಂಕಿ.
ಹುಟ್ಟಿದ ತಾರೀಖು: ಬೆರಳಲ್ಲಿ ತಿರುಗಿಸುವ ಮೂರು ಗಾಲಿ.
ಬಣ್ಣ: ಬಿಳಿ, ಕಪ್ಪು, ಕಂದು, ಬೂದು, ಇತರೆ.
ಎಲ್ಲದರ ನೆತ್ತಿಗೂ ಒಂದೊಂದು ಕೆಂಪು ಚುಕ್ಕಿ,
ತುಂಬದೆ ಮುಂದೆ ಹೋಗುವಂತಿಲ್ಲ.
ಚೆಂದವಿತ್ತು.
ನನ್ನ ಬೆರಳು ತೆಳ್ಳಗಿತ್ತು.

ಅತ್-ಬಾಶಿಯಲ್ಲಿ ಜನವರಿ.
ಕುರಿದೊಡ್ಡಿಯ ಬಾಗಿಲಲ್ಲಿ ಸೊನ್ನೆಗೂ ಇಪ್ಪತ್ತೆರಡು ಕೆಳಗೆ.
ಪಶುವೈದ್ಯ ಎಸೆಂಗುಲ್
ಕುರಿಯನ್ನು ಮಂಡಿಗಳ ನಡುವೆ ಅದುಮಿ ಹಿಡಿದ,
ಎಡಗೈಯಲ್ಲಿ ರೆಪ್ಪೆ ಬಿಡಿಸಿದ,
ಬಲಗೈಯಲ್ಲಿ ಕಣ್ಣಿಗೊಂದು ಹನಿ ಲಸಿಕೆ.
ಅಲ್ಲಿಗೆ ಕೈಗಳು ಮುಗಿದವು.
ಬೇಲಿಯ ಗೂಟಕ್ಕೆ ಕಟ್ಟಿದ್ದ ಫೋನಿನತ್ತ ಬಾಗಿ
ಮೂಗಿನಿಂದ ಒತ್ತಿದ.

ಮೂಗಿನ ಮೇಲೆ ಬೆರಳಿಡೋಣವೆಂದರೆ
ನನ್ನ ಬೆರಳು ಕೈಗವಸಿನೊಳಗೆ ಮರಗಟ್ಟಿತ್ತು.
ನಾನಿಟ್ಟ ಗುಂಡಿ ಹೆಸರುಕಾಳಿನಷ್ಟು,
ಅವನ ಮೂಗು ನಾಲ್ಕು ಗುಂಡಿಗಳಗಲ.
'ಹೆಣ್ಣು' ಒತ್ತಿದರೆ 'ಸತ್ತಿದೆ' ಎನ್ನುತ್ತಿತ್ತು.
ಸತ್ತ ಕುರಿ ಅವನ ಮಂಡಿಯ ಸಂದಿಯಿಂದ
ನನ್ನನ್ನೇ ನೋಡುತ್ತಿತ್ತು,
ಒಂದು ಕಣ್ಣು ಒದ್ದೆ.

ಬಣ್ಣ ಯಾವುದೆಂದು ಒಡತಿ ಉಮ್ಸುನಾಯಳನ್ನು ಕೇಳಿದೆ.
'ನೆನೆದ ಜೇಡಿಮಣ್ಣು, ಹೊಟ್ಟೆಯಡಿ ಹೊಗೆ.'
'ಇದು ಕೆನೆ ಕಟ್ಟುವ ಮುಂಚಿನ ಹಾಲು.'
'ಇದರದು ಹೇಳಲಿಕ್ಕಾಗದು, ಇದರ ತಾಯನ್ನು ನೀನು ನೋಡಬೇಕಿತ್ತು.'
ಇತರೆ, ಇತರೆ, ಇತರೆ.
ಹುಟ್ಟಿದ್ದು?
'ಹೋದ ವರ್ಷ, ಮಜ್ಜಿಗೆಯ ಪೀಪಾಯಿ ಒಡೆದ ವಾರ.'
ಗಾಲಿ ಎಷ್ಟು ತಿರುಗಿಸಿದರೂ ಆ ವಾರ ಬರಲಿಲ್ಲ.
ಎಸೆಂಗುಲನ ಮೂಗು ಕೆಂಪಾಯಿತು.

ನೂರ ನಲವತ್ತೊಂದನೇ ಕುರಿಗೆ
ಚಳಿ ತಾಳದೆ ಬ್ಯಾಟರಿ ಕಣ್ಣು ಮುಚ್ಚಿತು.
ಕಂಕುಳಲ್ಲಿಟ್ಟು ಕಾವು ಕೊಟ್ಟು ಎಬ್ಬಿಸಿದರೆ
'ಕ್ಷಮಿಸಿ, ಏನೋ ತಪ್ಪಾಗಿದೆ. ಮೊದಲಿನಿಂದ ಶುರುಮಾಡಿ.'
ಆ ವಾಕ್ಯ ನನ್ನದೇ.
ಒಂದು ಮಂಗಳವಾರ, ಊಟಕ್ಕೆ ಏಳುವ ಅವಸರದಲ್ಲಿ ಬರೆದದ್ದು.
'ಏನೋ' ಎಂದರೆ ಯಾರು ಎಂದು
ಅವನು ಕೇಳಲಿಲ್ಲ.
ಅವನಿಗೆಂದು ಸಾಲಾಗಿ ತೋಡಿದ್ದ ಗುಂಡಿಗಳಲ್ಲಿ
ಅವತ್ತು ಬಿದ್ದವಳು ನಾನು.

ಉಮ್ಸುನಾಯ್ ಅಷ್ಟು ಹೊತ್ತೂ
ಎಡಜೇಬಿನಿಂದ ಬಲಜೇಬಿಗೆ
ಏಪ್ರಿಕಾಟ್ ಬೀಜ ದಾಟಿಸುತ್ತಿದ್ದಳು, ಕುರಿಗೊಂದು.
'ನೂರ ನಲವತ್ತಮೂರು' ಎಂದಳು.
ಎರಡು ಹೆಚ್ಚಾಯಿತಲ್ಲ?
'ಅದು ತೋಳದ ಪಾಲು.
ಮೊದಲೇ ಎತ್ತಿಟ್ಟರೆ ಆಮೇಲೆ ಅಳು ಬರುವುದಿಲ್ಲ.'

ಮರಳಿ ಬಂದು
ಎಡಗೈಯನ್ನು ಬೆನ್ನಿಗೆ ಕಟ್ಟಿಕೊಂಡೆ,
ಬಲಗೈಗೆ ಒದ್ದೆ ಕೈಗವಸು,
ಮೂಗಿನಿಂದ ಒತ್ತಿ ನೋಡಿದೆ.
ಪಕ್ಕದ ಮೇಜಿನ ತಿಲೆಕ್ ನಕ್ಕ,
ಸಂಜೆ ಎಲ್ಲರೂ ಹೋದಮೇಲೆ ತಾನೂ ಒತ್ತಿ ನೋಡಿದ.
ಹನ್ನೆರಡು ಅಂಕಿಯಲ್ಲಿ ಒಂಬತ್ತು ಆ ದೊಡ್ಡಿಯವೇ;
ಅವು ಫೋನಿಗೆ ನೆನಪಿರಲಿ, ಕೇಳಬೇಕಾದ್ದು ಮೂರು.
ಗಾಲಿಗಳನ್ನು ಕಳಚಿದೆ:
ಹಿಮ ಕರಗುವ ಮುಂಚೆಯೋ, ಆಮೇಲೋ, ಅಷ್ಟು ಸಾಕು.
ಕಣ್ಣಿಗೆ ಹನಿ ಬಿದ್ದ ಕುರಿ ಅಲ್ಲಿಗೇ ಉಳಿಯಬೇಕು,
'ಉಳಿಸು' ಎಂದು ಯಾರೂ ಬೇಡಬಾರದು.
ಚಹಾ ಆರುವುದರೊಳಗೆ ಎಳೆದದ್ದನ್ನು
ಅಳಿಸಲು ಹನ್ನೊಂದು ವಾರ ಹಿಡಿಯಿತು.
ಉಳಿದದ್ದು ನಾಲ್ಕು.

ಬಣ್ಣ ಮಾತ್ರ ಹೋಗಲಿಲ್ಲ.
ಅಲ್ಲೊಂದು ಕಿವಿಯ ಚಿತ್ರ ಬರೆದಿಟ್ಟೆ:
ಹೇಳಿ, ಕೇಳಿಸಿಕೊಳ್ಳುತ್ತದೆ.

ಏಪ್ರಿಲಿನಲ್ಲಿ ಮೊದಲ ಕಂತು ಬಂತು.
ಗಾಳಿ. ದೂರದಲ್ಲೊಂದು ನಾಯಿ. ಉಮ್ಸುನಾಯಳ ದನಿ:
'ಇದು ಬೆರಣಿಯ ಬೂದಿ, ಅಡಿಯಲ್ಲಿ ಕೆಂಡ ಇನ್ನೂ ಆರಿಲ್ಲ.'
ಆಮೇಲೆ ಕುರಿ ಸೀನಿತು.

ಸಚಿವಾಲಯದ ಅಂಕಿಅಂಶದವರು ಕೇಳಿದ್ದಾರೆ,
ಇದನ್ನು ಯಾವ ಖಾನೆಗೆ ಸೇರಿಸುವುದು, ದಯವಿಟ್ಟು ತಿಳಿಸಿ.
ಮೂರು ದಿನದಿಂದ ಉತ್ತರದ ಪುಟ ತೆರೆದೇ ಇದೆ.
ಪರದೆಗೆ ಮೂಗು ತಾಗುವಷ್ಟು ಹತ್ತಿರ
ಕೂತಿದ್ದೇನೆ.