ಗುಂಡಿ ಒತ್ತಿದ ಮೇಲೆ

ಲೈಸೆನ್ಸು ಬಂದು ಹನ್ನೊಂದು ದಿನ.
ಭಟ್ಟಿಯ ಚಿಮಣಿಗೂ ನೀರಿನ ಟ್ಯಾಂಕಿಗೂ ನಡುವೆ
ತಂತಿ ಬಿಗಿದದ್ದಾಯಿತು, ಅಮ್ಮಿ ಅದರ ಮೇಲೆ
ಒದ್ದೆ ಟವೆಲ್ಲು ಹರವಿದ್ದೂ ಆಯಿತು.

ರಾತ್ರಿ ಒಂಬತ್ತು. ಆಜಾದ್ ನಗರದ ಹೊಗೆ ಇಳಿದಿದೆ.
ಸ್ಪೀಕರಿನೊಳಗೆ ಕಾದ ಮರಳಲ್ಲಿ
ಮಂಡಕ್ಕಿ ಅರಳುವ ಸದ್ದು.
ಅದರಾಚೆ ಯಾರೋ ನಗುತ್ತಾರೆ,
ಮಗಳ ಜ್ವರ, ಹೊಸ ಬ್ಯಾಟರಿ,
ಏನೇನೋ ಮಾತಾಡಿ ಹೋಗುತ್ತಾರೆ.

ಚೌಕಾಶಿಗೆ ನಿಂತರೆ ನನ್ನ ದನಿ
ಮಂಡಿಪೇಟೆಯವರೆಗೂ ಕೇಳುತ್ತದಂತೆ.
ಈಗ ನೋಡಿ, ಅಂಗೈಯಲ್ಲಿ ಬರೆದುಕೊಂಡ
ನನ್ನದೇ ಕರೆಸಂಕೇತ ಬೆವರಿಗೆ ಕಲಸಿ
ಮೂರೋ ಎಂಟೋ ತಿಳಿಯದು.

ಒತ್ತಿದೆ. ಬಾಯಿ ತೆರೆದೆ.
ಏನೂ ಬರಲಿಲ್ಲ.
ಬಿಟ್ಟೆ.

ಮತ್ತೆ ಮಂಡಕ್ಕಿ. ಆಮೇಲೆ, ನಿಧಾನವಾಗಿ, ಒಂದು ದನಿ:
"ಚಳ್ಳಕೆರೆಯಿಂದ ಬೋರಯ್ಯ. ಯಾರೋ ಗುಂಡಿ ಒತ್ತಿ
ಸುಮ್ಮನಿದ್ದೀರಿ. ಉಸಿರು ಚೆನ್ನಾಗಿ ಕೇಳ್ತೈತೆ.
ಹಿಂದೆ ಒಂದು ಬೆಕ್ಕೂ ಐತೆ.
ಅವಸರ ಇಲ್ಲ, ಕಾಯ್ತೀನಿ."

ತಿರುಗಿ ನೋಡಿದೆ. ಗೋಡೆಯ ಮೇಲೆ ಕೂತು ನೆಕ್ಕಿಕೊಳ್ಳುತ್ತಿದೆ,
ನನಗಿಂತ ಮೊದಲು ಚಳ್ಳಕೆರೆ ಮುಟ್ಟಿದ್ದು.

ಅಂಗೈ ಒರೆಸಿಕೊಂಡೆ, ಸಂಕೇತವೂ ಹೋಯಿತು.
ಒತ್ತಿದೆ.
"ಮೊಹಸಿನಾ... ದಾವಣಗೆರೆ...
ಬೆಕ್ಕು ನಮ್ಮದಲ್ಲ," ಅಂದೆ.